ನಮ್ಮ ಜನರೇಟರಿನ ಹಣೆ

ಯಂತ್ರಗಳಿಗೂ ನನಗೂ ಆಗಿಬರುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾನು ಬಿಚ್ಚಿ ಮತ್ತೆ ಕೂಡಿಸಿದ ಮಿಕ್ಸಿಯಲ್ಲಿ ಎರಡು ಸ್ಕ್ರೂ ಯಾವಾಗಲೂ ಮಿಗುತ್ತವೆ. ಅವನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಡಬ್ಬಿ ಈಗ ತುಂಬಿದೆ. ಆದರೆ ಯಂತ್ರಗಳ ಮೇಲೆ ನನಗಿರುವ ಭಕ್ತಿಗೆ ಮಾತ್ರ ಎಂದೂ ಕೊರತೆಯಾಗಿಲ್ಲ. ತಿಳಿವಳಿಕೆ ಕಡಿಮೆ ಇದ್ದ ಕಡೆ ಭಕ್ತಿ ಸ್ವಲ್ಪ ಜಾಸ್ತಿಯೇ ಇರುತ್ತದೆ ಎಂದು ನನ್ನ ಹೆಂಡತಿ ವಿಮಲಾ ಹೇಳುವುದುಂಟು.

ತ್ಯಾಗರಾಜನಗರದ ನಮ್ಮ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಗ್ಯಾಸಿನಲ್ಲಿ ಓಡುವ ಪುಟ್ಟ ಜನರೇಟರ್ ಒಂದಿದೆ. ಸಿಲಿಂಡರಿಗೆ ಪೈಪ್ ಸಿಕ್ಕಿಸಿ ಹಗ್ಗ ಎಳೆದರೆ ಗುರ್ರೆಂದು ಶುರುವಾಗುತ್ತದೆ. ವಿಮಲಾ ಹೋಳಿಗೆ ಮಾಡಿ ಕೊಡಲು ತೊಡಗಿದ ಮೇಲೆ, ಹೂರಣ ರುಬ್ಬುವಾಗ ಕರೆಂಟ್ ಕೈಕೊಡಬಾರದೆಂದು ತಂದದ್ದು. ಅದು ಓಡುವಾಗ ಅವಳ ಬಾಯಲ್ಲಿ ‘ನಮ್ಮ ಜನರೇಟರ್’. ಕೆಮ್ಮತೊಡಗಿದರೆ ‘ನಿಮ್ಮ ಜನರೇಟರ್’.

ಆ ಶನಿವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕರೆಂಟ್ ಇರುವುದಿಲ್ಲ ಎಂದು ಹಿಂದಿನ ದಿನವೇ ಮೆಸೇಜ್ ಬಂದಿತ್ತು. ಸಂಜೆ ಉತ್ತರಹಳ್ಳಿಯ ಒಂದು ಮನೆಯ ನಿಶ್ಚಿತಾರ್ಥಕ್ಕೆ ನೂರೈವತ್ತು ಹೋಳಿಗೆ ಹೋಗಬೇಕು. ವರ್ಷಗಟ್ಟಲೆ ನೆಂಟರಿಷ್ಟರಿಗೆ ಹೋಳಿಗೆ ತಟ್ಟಿ, “ವಿಮಲಾ ಕೈರುಚಿಯೇ ರುಚಿ” ಎಂಬ ಹೊಗಳಿಕೆಯಲ್ಲೇ ತೃಪ್ತಳಾಗಿದ್ದವಳಿಗೆ, ಗುರುತುಪರಿಚಯವಿಲ್ಲದವರು ತಾವಾಗಿ ಫೋನ್ ಮಾಡಿ ಕೊಟ್ಟ ಮೊದಲ ದೊಡ್ಡ ಆರ್ಡರ್ ಅದು. ಫೋನ್ ಇಟ್ಟ ಮೇಲೆ ಅವಳ ಮುಖ ನೋಡಿದ್ದೆ. ನಮ್ಮ ನಿಶ್ಚಿತಾರ್ಥದ ದಿನವೂ ಅಷ್ಟು ಖುಷಿ ಕಂಡಿರಲಿಲ್ಲ.

ಹತ್ತಕ್ಕೆ ಸರಿಯಾಗಿ ಕರೆಂಟ್ ಹೋಯಿತು. ಕಡಲೆಬೇಳೆ ಬೆಂದು, ನೀರು ಬಸಿದುಕೊಂಡು, ಬೆಲ್ಲ ಬೆರೆಸಿಕೊಂಡು ಸಿದ್ಧವಾಗಿತ್ತು. ನಾನು ಹಿತ್ತಲಿಗೆ ಹೋಗಿ ಹಗ್ಗ ಎಳೆದೆ. ಜನರೇಟರ್ ಒಂದು ಸಲ ‘ಹುಕ್’ ಎಂದಿತು, ಸುಮ್ಮನಾಯಿತು. ಹತ್ತು ಸಲ ಎಳೆದೆ. ಇಪ್ಪತ್ತು ಸಲ ಎಳೆದೆ. ಭುಜದ ಕೀಲು ಸಡಿಲವಾಯಿತೇ ಹೊರತು ಎಂಜಿನ್ ಕದಲಲಿಲ್ಲ.

ಗಾಬರಿಯಾದರೂ ಕ್ರಮ ತಪ್ಪುವವನಲ್ಲ ನಾನು. ಕನ್ನಡಕ ಹಾಕಿಕೊಂಡು ಕೈಪಿಡಿ ತೆರೆದೆ. ಗ್ಯಾಸ್ ಇದೆಯೇ ನೋಡಿ ಎಂದಿತ್ತು. ತುಂಬಿದ ಸಿಲಿಂಡರನ್ನೇ ತಂದು ಸಿಕ್ಕಿಸಿದೆ. ಪೈಪು ಸೋರುತ್ತಿದೆಯೇ ಎಂದಿತ್ತು. ಸೋಪಿನ ನೀರು ಹಚ್ಚಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಆಯಿಲ್ ಸರಿಯಾಗಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿ ಉಜ್ಜಿ ಹಾಕಿದೆ. ಐದನೆಯದು, ಏರ್ ಫಿಲ್ಟರಿನ ಮುಚ್ಚಳ ತೆಗೆದು ನೋಡಿ ಎಂದಿತ್ತು. ಅದನ್ನು ಬಿಟ್ಟು ಆರನೆಯದಕ್ಕೆ ಹೋದೆ.

ಬಿಟ್ಟದ್ದಕ್ಕೆ ಕಾರಣವಿದೆ. ಎರಡು ವಾರದ ಹಿಂದೆ ಆಯುಧಪೂಜೆಗೆ ಜನರೇಟರನ್ನು ತೊಳೆದು, ಒರೆಸಿ, ಸೇವಂತಿಗೆ ಹಾರ ಹಾಕಿದ್ದೆ. ಹಣೆಗೆ ಏನಾದರೂ ಇಡಬೇಕಲ್ಲ? ಎಂಜಿನ್ನಿನ ಒಂದು ಪಕ್ಕದಲ್ಲಿ, ಸೀಳುಸೀಳಾಗಿದ್ದ ಅಗಲವಾದ ಕಪ್ಪು ಮುಚ್ಚಳವೊಂದು ಥೇಟ್ ಹಣೆಯಂತೆಯೇ ಕಂಡಿತು. ವಿಭೂತಿಯನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ, ಮೂರು ಬೆರಳಲ್ಲಿ ಮೂರು ದಪ್ಪ ಪಟ್ಟೆ ಎಳೆದೆ. ಮೇಲೆ ಅರಿಶಿನ, ಕುಂಕುಮ, ಧಾರಾಳವಾಗಿ ಗಂಧ. ಪೂಜೆ ಮಾಡಿ ಇಟ್ಟದ್ದನ್ನು ಕೈಯಾರೆ ಅಳಿಸಲು ಮನಸ್ಸು ಬರುತ್ತದೆಯೇ? ಆ ದಿನವೂ ಪ್ರತಿ ಸಲ ಹಗ್ಗ ಎಳೆಯುವ ಮುಂಚೆ ಆ ಹಣೆಗೇ ಕೈಮುಗಿಯುತ್ತಿದ್ದೆ.

ಹನ್ನೊಂದೂವರೆಗೆ ವಿಮಲಾ ಹಿತ್ತಲ ಬಾಗಿಲಿಗೆ ಬಂದಳು. “ಏನ್ರೀ, ನಿಮ್ಮ ಜನರೇಟರ್ ಏನನ್ನತ್ತೆ? ಈ ಸೆಕೆಗೆ ಬೇಳೆ ಹಳಸಿ ಹೋದ್ರೆ ನಾನವರಿಗೆ ಏನ್ ಹೇಳ್ಲಿ?” ದನಿ ಜೋರಾಗಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದಳು. ಅವಳು ಕೂಗಾಡಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಒರಳುಕಲ್ಲಿನಲ್ಲಾದರೂ ರುಬ್ಬೋಣವೆಂದರೆ, ಅದನ್ನು ಮನೆ ಕಟ್ಟುವಾಗ ನಾನೇ ಪಾಯಕ್ಕೆ ಹಾಕಿಸಿದ್ದೆ.

ಮಾನ ಬದಿಗಿಟ್ಟು ಜರಗನಹಳ್ಳಿಯ ಮುನಿರಾಜಣ್ಣನಿಗೆ ಫೋನ್ ಮಾಡಿದೆ. ನಾಲ್ಕು ಮನೆ ಬಾಡಿಗೆಗೆ ಕೊಟ್ಟು ಆರಾಮಾಗಿ ಕಾಲಮೇಲೆ ಕಾಲು ಹಾಕಿ ಕೂರಬಹುದಾದ ಮನುಷ್ಯ. ಆದರೆ ಎಂಜಿನ್ ಎಂದರೆ ಪ್ರಾಣ. ಒಂದು ಕಾಲಕ್ಕೆ ಹೊಲದ ಪಂಪ್‌ಸೆಟ್ ಬಿಚ್ಚಿ ಕಲಿತದ್ದು, ಆಮೇಲೆ ಗ್ಯಾಸ್ ಆಟೋಗಳು. ಅರ್ಧ ಗಂಟೆಯಲ್ಲಿ ಬಂದವನು ಚಪ್ಪಲಿ ಬಿಟ್ಟು ಜನರೇಟರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ನೋಡಿದ. ಇನ್ನೊಂದು ಸಲ ನೋಡಿದ.

“ಪೂಜೆ ಸಖತ್ತಾಗಿ ಮಾಡಿದ್ದೀರ ಸಾರ್” ಎಂದ.

“ವರ್ಷಾ ವರ್ಷಾ ಮಾಡ್ತೀನಪ್ಪ” ಎಂದೆ, ಸ್ವಲ್ಪ ಹೆಮ್ಮೆಯಿಂದ.

“ಹೋದ ವರ್ಷ ಎಲ್ಲಿಗಿಟ್ಟಿದ್ರಿ ವಿಭೂತಿ?”

“ಹಿಡಿಗೆ ಇಟ್ಟಿದ್ದೆ. ಚೆನ್ನಾಗಿ ಕಾಣ್ಲಿಲ್ಲ.”

ಅವನು ಆ ಹಣೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, “ಕ್ಷಮ್ಸಪ್ಪಾ” ಎಂದು ಮುಚ್ಚಳ ಬಿಚ್ಚಿದ. ಸೀಳುಗಳೆಲ್ಲ ಗಾರೆ ಮಾಡಿದಂತೆ ಮುಚ್ಚಿಹೋಗಿದ್ದವು. ಒಳಗಿನ ಸ್ಪಂಜು ಅರಿಶಿನ, ಗಂಧ ಕುಡಿದು ಮೈಸೂರು ಪಾಕಿನ ಹಾಗೆ ಗಟ್ಟಿಯಾಗಿತ್ತು. “ಇದು ಹಣೆ ಅಲ್ಲ ಸಾರ್, ಮೂಗು. ಗ್ಯಾಸ್ ಬರ್ತಾ ಇದೆ, ಕಿಡಿ ಬರ್ತಾ ಇದೆ, ಗಾಳಿ ಎಲ್ಲಿಂದ ಬರ್ಬೇಕು? ಉಸಿರು ಕಟ್ಟಿಸಿಬಿಟ್ಟಿದ್ದೀರ” ಎಂದ. ನಲ್ಲಿಯ ಕೆಳಗೆ ಸೋಪು ಹಾಕಿ ಸ್ಪಂಜು ತೊಳೆಯುತ್ತ, ಮಾತಿಗೆ ಮಾತು ಅಂತ ಕೇಳಿದ: “ರಿಟೈರ್ ಆಗೋ ಮುಂಚೆ ತಾವೇನು ಮಾಡ್ತಿದ್ರಿ ಸಾರ್?”

“ಮೇಷ್ಟ್ರು” ಎಂದೆ.

“ಏನ್ ಪಾಠ?”

ಸಮಾಜ ಎನ್ನೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲಿನಿಂದ ಉತ್ತರ ಬಂತು: “ಸೈನ್ಸು!”

ನಿಜ ಹೇಳಿಬಿಡುತ್ತೇನೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿ, ಅದು ಆರಿದಾಗ “ಯಾಕೆ ಆರಿತು ಹೇಳ್ರೋ?” ಎಂದು ಇಡೀ ತರಗತಿಯನ್ನು ಗದರಿಸಿದವನು ನಾನು. ಉತ್ತರ ಹೇಳಲು ಬಾರದವರನ್ನು ಬೆಂಚಿನ ಮೇಲೂ ನಿಲ್ಲಿಸಿದ್ದೆ. ಅವರಿಗೆಲ್ಲ ಇಲ್ಲಿಂದಲೇ ನನ್ನ ಕ್ಷಮೆ.

ಸ್ಪಂಜನ್ನು ಹಿಂಡಿ, ಬಿಸಿಲಲ್ಲಿ ಒಣಗಿಸಿ, ಎರಡು ತೊಟ್ಟು ಆಯಿಲ್ ಸವರಿ, ಮುಚ್ಚಳ ಹಾಕಿದ ಮೇಲೆ ಮುನಿರಾಜಣ್ಣ ಹಗ್ಗವನ್ನು ನನ್ನ ಕೈಗೇ ಕೊಟ್ಟ. ಒಂದೇ ಎಳೆತ. ಗುರ್ರ್! ಒಳಗೆ ಗ್ರೈಂಡರ್ ತಿರುಗಿದ ಸದ್ದು ಕೇಳಿ ನನಗೆ ಕಣ್ಣು ತುಂಬಿ ಬಂತು. ಹೊಗೆ ಎಂದು ಹೇಳಿ ಒರೆಸಿಕೊಂಡೆ. ಗ್ಯಾಸ್ ಎಂಜಿನ್ನಿಗೆ ಅಷ್ಟು ಹೊಗೆ ಇರುವುದಿಲ್ಲ ಎಂದು ಮುನಿರಾಜಣ್ಣನಿಗೆ ಗೊತ್ತು, ಆದರೂ ಬಗ್ಗಿ ತನ್ನ ಚಪ್ಪಲಿ ಹುಡುಕತೊಡಗಿದ. ಐದೂವರೆಗೆ ನೂರೈವತ್ತು ಹೋಳಿಗೆ ಉತ್ತರಹಳ್ಳಿಯ ಆಟೋ ಹತ್ತಿದವು. ರಾತ್ರಿ ಊಟದ ಹೊತ್ತಿಗೆ ಅವರ ಮನೆಯಿಂದ ಫೋನ್ ಬಂತು: ಮದುವೆಗೂ ವಿಮಲಾ ಅವರದೇ ಹೋಳಿಗೆಯಂತೆ. ‘ನಮ್ಮ ಜನರೇಟರ್ ಇದೆ, ಯೋಚನೆ ಬೇಡ’ ಎಂದು ಅವಳು ಹೇಳುತ್ತಿದ್ದುದು ನನಗೆ ಕೇಳಿಸಿತು.

ಮರುದಿನ ಸ್ನಾನ ಮಾಡಿ, ದೇವರ ಮುಂದೆ ಕೂತು, ತಟ್ಟೆಯಿಂದ ವಿಭೂತಿ ತೆಗೆದುಕೊಂಡು ಹಣೆಯ ಕಡೆ ಕೈಯೆತ್ತಿದೆ. ಅಡುಗೆಮನೆಯಿಂದ ವಿಮಲಾ ಕೂಗಿದಳು:

“ರೀ, ಮೂಗು ಬಿಟ್ಟು ಹಚ್ಕೊಳ್ಳಿ.”