ಖಾಲಿ ಚಮಚದ ಅಭ್ಯಾಸ

ಬನ್ನಿ, ಗೋಡೆಗೆ ಒರಗಿ ಕೂತ್ಕೊಳ್ಳಿ. ಕಾಲು ಚಾಚಿದ್ರೂ ಪರವಾಗಿಲ್ಲ. ಆದರೆ ಮಧ್ಯೆ ಎದ್ದು ಹೋಗಬೇಡಿ, ನಗು ಬಂದರೆ ತಡ್ಕೊಳ್ಳಿ. ಇದು ಸರ್ಕಾರದ ವಿಷಯ.

ನಮ್ಮ ಬೀದಿಯ ಮಕ್ಕಳ ಪೋಷಣಾ ಕೇಂದ್ರದಲ್ಲಿ ಯಾವ ಕೊರತೆಯೂ ಇರಲಿಲ್ಲ. ತಕ್ಕಡಿ ಇತ್ತು. ಗೋಡೆ ಮೇಲೆ ಹಣ್ಣು, ಹಾಲು, ಮೊಟ್ಟೆಯ ಚಿತ್ರ ಇತ್ತು. ಕೈ ತೊಳೆಯುವ ವಿಧಾನ ಬರೆದ ಹಲಗೆ ಇತ್ತು, ಹಲಗೆಯ ಕೆಳಗೆ ನಲ್ಲಿಯೂ ಇತ್ತು. ನೀರು ಮಾತ್ರ ಬೇರೆ ಇಲಾಖೆಗೆ ಸೇರಿದ್ದು. ಇನ್ನು ಹಿಟ್ಟು. ಅದು ಪ್ರತಿ ತಿಂಗಳೂ ತಪ್ಪದೆ ಹೊರಡುತ್ತಿತ್ತು. ತಲುಪಬೇಕು ಅಂತ ಆದೇಶದಲ್ಲಿ ಎಲ್ಲೂ ಹೇಳಿರಲಿಲ್ಲವಂತೆ.

ನನ್ನ ಮೊಮ್ಮಗಳಿಗೆ ಆಗ ಎರಡು ತುಂಬಿತ್ತು. ಬೀದಿಯವರೆಲ್ಲ ಅವಳನ್ನು ಗುಬ್ಬಿ ಅಂತಿದ್ರು. ಮುದ್ದಿಗಲ್ಲ, ತೂಕಕ್ಕೆ. ಅವಳಮ್ಮ ಕಾರ್ಖಾನೆಗೆ ಹೋದ ಮೇಲೆ ನಾನೇ ಅವಳನ್ನು ಸೊಂಟಕ್ಕೆ ಏರಿಸಿಕೊಂಡು ಕೇಂದ್ರಕ್ಕೆ ಹೋಗುತ್ತಿದ್ದೆ. ಸೊಂಟದ ಮೇಲೆ ಮಗು ಇದ್ದದ್ದೇ ಗೊತ್ತಾಗುತ್ತಿರಲಿಲ್ಲ. ದಾರಿಯಲ್ಲಿ ಆಗಾಗ ಮುಟ್ಟಿ ನೋಡ್ಕೋತಿದ್ದೆ, ಇದ್ದಾಳಾ ಅಂತ. ಈ ಕೂಸು ಮುಂದಿನ ಬೇಸಿಗೆ ಕಾಣಲಿ, ನನಗೆ ಬೇರೇನೂ ಬೇಡ ಅಂದುಕೊಂಡಿದ್ದೆ. ಪಕ್ಕದ ಮನೆ ಇಸ್ತ್ರಿಯವಳ ಗಂಡುಮಗು ನನ್ನ ಗುಬ್ಬಿಗಿಂತಲೂ ಹಗುರ.

ಒಂದು ದಿನ ಸಾಹೇಬರು ತಪಾಸಣೆಗೆ ಬಂದರು. ಮಕ್ಕಳನ್ನು ನೋಡಿ ಅವರ ಹುಬ್ಬು ಮೇಲೇರಿತು.

"ಇವು ಯಾಕಮ್ಮ ಹೀಗಿವೆ?"

ಕೇಂದ್ರ ನೋಡಿಕೊಳ್ಳುವವಳನ್ನು ನಾವು ತೂಕದಕ್ಕ ಅಂತಿದ್ವಿ. ಅವಳು ಸೆರಗು ಸರಿಮಾಡಿಕೊಂಡು, "ಹಿಟ್ಟು ಬಂದಿಲ್ಲ ಸಾರ್" ಅಂದಳು.

"ಹಿಟ್ಟಿನ ಮಾತು ಬಿಡು. ಇವಕ್ಕೆ ತಿನ್ನೋ ಉತ್ಸಾಹವೇ ಇಲ್ಲ."

"ಹೌದು ಸ್ವಾಮಿ, ಉತ್ಸಾಹವೇ ಇಲ್ಲ" ಅಂದ ಪಕ್ಕದಲ್ಲಿದ್ದ ಹಿಟ್ಟಿನ ಗುತ್ತಿಗೆದಾರ. ಅವನ ಕೈ ಹಿಡಿದು ನಾಲ್ಕು ವರ್ಷದ ಮಗ ನಿಂತಿದ್ದ. ಗುಂಡ. ಅವನ ಕೆನ್ನೆ ನೋಡಿದರೆ ಕಣ್ಣು ಎಲ್ಲಿ ಅಂತ ಹುಡುಕಬೇಕು.

"ಈ ಮಗುವಿಗೆ ಏನು ಕೊಡ್ತೀರಿ?" ಅಂದರು ಸಾಹೇಬರು.

"ಇಲಾಖೆ ಹಿಟ್ಟೇ ಸ್ವಾಮಿ. ಬೇರೇನೂ ಇಲ್ಲ."

ಆ ಮನುಷ್ಯ ಹುಟ್ಟಿದಾಗಿನಿಂದ ಆಡಿದ ನಿಜ ಅದೊಂದೇ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಾರನೇ ವಾರ ಜೀಪಿನ ಮೇಲೆ ಮೈಕು ಕಟ್ಟಿಕೊಂಡು ಬಂದು ಸಾರಿದರು: "ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಲಾಖೆಯ ಹಿಟ್ಟಿನ ಗುಣವು ಒಂದು ಮಗುವಿನಲ್ಲಿ ಸಂಪೂರ್ಣವಾಗಿ ಸಾಬೀತಾಗಿರುವುದರಿಂದ ಸದರಿ ಮಗುವನ್ನು ಮಾದರಿ ಮಗು ಎಂದು ಘೋಷಿಸಲಾಗಿದೆ. ಸದರಿ ಮಗುವು ಎಲ್ಲ ಕೇಂದ್ರಗಳಿಗೂ ಭೇಟಿ ನೀಡಿ ಗಂಜಿ ಸೇವಿಸತಕ್ಕದ್ದು. ಇತರೆ ಮಕ್ಕಳು ನೋಡತಕ್ಕದ್ದು. ತದನಂತರ ಅದೇ ಚಮಚವನ್ನು ಖಾಲಿಯಾಗಿ ಪ್ರತಿ ಮಗುವಿನ ಬಾಯಿಗೂ ಇಟ್ಟು ಅಭ್ಯಾಸ ಮಾಡಿಸತಕ್ಕದ್ದು. ಚಮಚವನ್ನು ನಡುವೆ ತೊಳೆಯಕೂಡದು. ತೊಳೆದಲ್ಲಿ ಉತ್ಸಾಹವು ಹರಡುವುದಿಲ್ಲ."

ತೊಳೆಯೋಕೆ ನೀರೂ ಇರಲಿಲ್ಲ ಅನ್ನಿ. ನಿಯಮ ಪಾಲಿಸುವುದು ಸುಲಭವಾಯಿತು.

ಗುಂಡ ಜೀಪಿನಿಂದ ಇಳಿದ, ಎತ್ತರದ ಕುರ್ಚಿ ಮೇಲೆ ಕೂತ, ಜೀಪಿನಲ್ಲೇ ಬಂದ ಗಂಜಿ ತಿಂದ. ನಮ್ಮ ಮಕ್ಕಳು ಸಾಲಾಗಿ ಕೂತು ನೋಡಿದವು. ಆಮೇಲೆ ತೂಕದಕ್ಕ ಚಮಚ ಹಿಡಿದು ಹೊರಟಳು. "ಆ ಅನ್ನು ಕಂದ. ಹಾಂ, ಜಾಣೆ. ಮುಂದಿನವರು."

"ಅಲ್ಲ ಕಣಮ್ಮ, ಚಮಚದಲ್ಲಿ ಏನೂ ಇಲ್ಲವಲ್ಲ?" ಅಂದೆ.

"ಅಭ್ಯಾಸಕ್ಕೆ ಅಜ್ಜಿ. ನಾಳೆ ಹಿಟ್ಟು ಬಂದಾಗ ಮಕ್ಕಳಿಗೆ ಬಾಯಿ ತೆರೆಯೋದೇ ಮರೆತುಹೋಗಿದ್ರೆ? ಆಗ ಯಾರು ಹೊಣೆ?"

ಇಸ್ತ್ರಿಯವಳು ಸುಮ್ಮನಿರಲಿಲ್ಲ. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅನ್ನೋದು ಕೇಳಿದ್ದೆ. ಬಾಯಿಗೆ ಬರೀ ಚಮಚ ಅನ್ನೋದನ್ನ ಇವತ್ತು ಕಂಡೆ."

"ಸುಮ್ನಿರೇ! ನಿನ್ನ ಮಗನೇ ಎಲ್ಲರಿಗಿಂತ ಮುಂದೆ. ಹೇಗೆ ಕಚ್ಚಿ ಹಿಡಿದಿದ್ದಾನೆ ನೋಡು, ಬಿಡ್ತಾನೇ ಇಲ್ಲ" ಅಂದಳು ತೂಕದಕ್ಕ.

ಕೆಲವು ದಿನ ಕಳೆದ ಮೇಲೆ ಗುಂಡನಿಗೆ ಜ್ವರ ಬಂತು, ಭೇದಿ ಹತ್ತಿತು. ಮಾದರಿ ಮಗುವಿಗೆ ರಜೆ ಕೊಡುವ ನಿಯಮ ಇರಲಿಲ್ಲ. ಜೀಪು ಹೊರಟಿತು, ಚಮಚವೂ ಹೊರಟಿತು. ಗುಂಡ ನಾಲ್ಕು ದಿನ ನರಳಿ ಎದ್ದು ಕೂತ. ಸುರಿದು ಹೋಗೋಕೆ ಅವನ ಮೈಯಲ್ಲಿ ಇತ್ತಪ್ಪ. ನಮ್ಮವುಗಳ ಮೈಯಲ್ಲಿ ಏನಿತ್ತು?

ಕಾಯಿಲೆ ಒಂದು ಕೇಂದ್ರವನ್ನೂ ಬಿಡಲಿಲ್ಲ. ಸಾಹೇಬರ ಸಭೆಯಲ್ಲಿ ಇದನ್ನು ಮೆಚ್ಚುಗೆಯಿಂದಲೇ ಹೇಳಿದರಂತೆ. ಇಲಾಖೆಯಿಂದ ಹೊರಟದ್ದು ಒಂದಿಷ್ಟೂ ಸೋರದೆ, ಎಲ್ಲ ಕೇಂದ್ರಗಳ ಎಲ್ಲ ಮಕ್ಕಳಿಗೂ ಸಮನಾಗಿ ತಲುಪಿದ್ದು ಅದೇ ಮೊದಲಂತೆ.

ಗುಬ್ಬಿ ಕಣ್ಣು ಒಳಗೆ ಹೋಯಿತು. ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದೆ.

"ರೋಗ ಸಣ್ಣದು ಅಜ್ಜಿ, ಮಗು ಅದಕ್ಕಿಂತ ಸಣ್ಣದು. ಹೊಟ್ಟೆ ತುಂಬಿದ ಕೂಸಾಗಿದ್ರೆ ಇಷ್ಟು ಹೊತ್ತಿಗೆ ಆಡ್ತಿತ್ತು" ಅಂದರು. ಪುಡಿ ಕೊಟ್ಟು, ಕುದಿಸಿ ಆರಿಸಿದ ನೀರಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸೋಕೆ ಹೇಳಿದರು. "ಮದ್ದು ನಾನು ಕೊಟ್ಟೆ. ಇನ್ನು ಗಂಜಿ ಬೇಕು. ಪೋಷಣಾ ಕೇಂದ್ರದಲ್ಲಿ ಕೇಳಿ."

ಕುಡಿಸಿದೆ. ಭೇದಿ ಹಿಡಿತಕ್ಕೆ ಬಂದ ದಿನವೇ ಕೇಂದ್ರದ ಬಾಗಿಲಿಗೆ ಹೋಗಿ ನಿಂತೆ.

"ಗಂಜಿ ಮಾದರಿ ಮಗುವಿಗೆ ಮಾತ್ರ ಅಜ್ಜಿ. ಇವಳಿಗೆ ಬೇಕಾದ್ರೆ ಚಮಚ ಕೊಡ್ತೀನಿ."

"ಚಮಚ ನಿನ್ನ ಸಾಹೇಬರ ಬಾಯಿಗಿಡು, ತಾಯಿ" ಅಂದೆ.

ಅವತ್ತು ಜೀಪು ಬಂದಿತ್ತು. ಕುರ್ಚಿ ಮೇಲಿದ್ದ ಗುಂಡ ಬಟ್ಟಲು ತಳ್ಳಿ ಮುಖ ತಿರುಗಿಸಿ ಕೂತಿದ್ದ. ಊರೂರು ತಿಂದು ಅವನಿಗೆ ಗಂಜಿ ಕಂಡರೆ ವಾಕರಿಕೆ. ಗುಬ್ಬಿಯನ್ನು ನೋಡಿದ. ಕುರ್ಚಿಯಿಂದ ಜಾರಿ ಇಳಿದು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡ್ಕೊಂಡು ಬಂದ.

"ನಂಗೆ ಸಾಕು. ನೀನೇ ಮುಗ್ಸು. ಇಲ್ಲಾಂದ್ರೆ ಅಪ್ಪ ಬೈತಾರೆ."

ಅವಳು ಚಮಚ ಇಲ್ಲದೆ, ಬಟ್ಟಲಿಗೇ ಬಾಯಿಟ್ಟು ಕುಡಿದಳು. ನಾನು ತೂಕದಕ್ಕನ ಮುಖ ನೋಡಿದೆ. ಅವಳು ಗೋಡೆ ಕಡೆ ತಿರುಗಿದ್ದಳು.

"ನಾನೇನೂ ನೋಡಿಲ್ಲ ಅಜ್ಜಿ. ಈ ಹಣ್ಣಿನ ಚಿತ್ರ ಎಷ್ಟು ಚೆನ್ನಾಗಿದೆ ಅಲ್ವಾ?"

ಆಮೇಲೆ ಜೀಪು ಬಂದಾಗೆಲ್ಲ ಅವಳು ಹಣ್ಣಿನ ಚಿತ್ರ ನೋಡಿದಳು, ಗುಂಡ ಬಟ್ಟಲು ಇಳಿಸಿದ.

ಇಸ್ತ್ರಿಯವಳ ಮಗ ಅಲ್ಲಿವರೆಗೆ ಕಾಯಲಿಲ್ಲ. ಬೇರೆ ಬೀದಿಗಳಲ್ಲೂ ಒಂದೊಂದು ತೊಟ್ಟಿಲು ಇಳಿಸಿದರು.

ವರ್ಷದ ಕೊನೆಗೆ ತೂಕ ಹಾಕಿದರು. ತೀರಾ ಹಗುರವಾದವು ಹೋದ ಮೇಲೆ ಉಳಿದ ಮಕ್ಕಳ ಸರಾಸರಿ ತೂಕ ಏರಿತ್ತು. ಸಾಹೇಬರಿಗೆ ಪ್ರಶಸ್ತಿ ಬಂತು. ನಮ್ಮ ಬೀದಿಗೆ ಸಿಹಿ ಹಂಚೋಕೆ ಅವರೇ ಬಂದಾಗ ನಾನು ಕೇಳಿದೆ, "ಸತ್ತ ಮಕ್ಕಳ ತೂಕ ಎಲ್ಲಿ ಹೋಯ್ತು ಸ್ವಾಮಿ?"

"ಅಜ್ಜಿ, ಅವು ಪಟ್ಟಿಯಿಂದ ತಾವಾಗಿಯೇ ಹೊರಗುಳಿದಿವೆ. ಇಲಾಖೆ ಯಾರನ್ನೂ ಕೈಬಿಟ್ಟಿಲ್ಲ."

ಎಲ್ಲರೂ ತಲೆಯಾಡಿಸಿದರು. ಸಿಹಿ ಚೆನ್ನಾಗಿತ್ತು ಅಂದರು.

ಈಗ ಯಾರು ಏನಾದರು ಅಂತ ಕೇಳಿ, ಆಮೇಲೆ ಏಳಿ. ಸಾಹೇಬರಿಗೆ ಬಡ್ತಿಯಾಗಿ ನೀರಿನ ಇಲಾಖೆಗೆ ಹೋದರು. ಅಲ್ಲಿ ಖಾಲಿ ಬಿಂದಿಗೆಯ ಅಭ್ಯಾಸ ಶುರುವಾಗಿದೆಯಂತೆ. ಗುತ್ತಿಗೆದಾರ ಹಿಟ್ಟು ಬಿಟ್ಟು ಚಮಚದ ಗುತ್ತಿಗೆ ಹಿಡಿದಿದ್ದಾನೆ. ಕೇಂದ್ರದ ಬಾಗಿಲಿಗೆ "ಸೋಂಕಿನ ಅಪಾಯವಿರುವುದರಿಂದ ಮಕ್ಕಳಿಗೆ ಪ್ರವೇಶವಿಲ್ಲ" ಅಂತ ಹಲಗೆ ಹಾಕಿದ್ದಾರಂತೆ, ಓದಿದವರು ಹೇಳಿದರು. ತೂಕದಕ್ಕ ದಿನಾ ಬಂದು ಖಾಲಿ ತಕ್ಕಡಿ ನೋಡಿ, ಸೊನ್ನೆ ಸರಿಯಾಗಿದೆ ಅಂತ ಬರೆದು ಹೋಗ್ತಾಳೆ. ಗುಂಡ ಇಳಿದು ಕಡ್ಡಿಯಾಗಿದ್ದಾನೆ. ಅಪ್ಪನಿಗೆ ಕಾಣದ ಹಾಗೆ ನಮ್ಮನೆಗೆ ಆಡೋಕೆ ಬರ್ತಾನೆ, ಗಂಜಿ ಬಿಟ್ಟು ಏನು ಕೊಟ್ರೂ ತಿಂತಾನೆ. ಗುಬ್ಬಿ ಬೇಸಿಗೆ ಕಂಡಳು. ಈಗ ಸೊಂಟಕ್ಕೆ ಏರಿದರೆ ನನ್ನ ಬೆನ್ನು ಮುರಿಯುತ್ತೆ. ಬೈತೀನಿ, ಇಳಿಸಲ್ಲ.

ಇಸ್ತ್ರಿಯವಳು ಅಲ್ಲೇ ಇದ್ದಾಳೆ, ಇಸ್ತ್ರಿ ಮಾಡ್ಕೊಂಡು. ಪ್ರಶಸ್ತಿ ತಗೊಳ್ಳೋಕೆ ಸಾಹೇಬರು ತೊಟ್ಟಿದ್ದ ಬಿಳಿ ಅಂಗಿಯೂ ಅವಳ ಕೈಯದೇ. ಒಂದು ಸುಕ್ಕೂ ಇರಲಿಲ್ಲ ಅಂತ ಎಲ್ಲರೂ ಹೊಗಳಿದರು.