ಒಂದು ಹನಿ ಚಹಾ ಚೆಲ್ಲಬಾರದು

ಯಂತ್ರ ರಿಪೇರಿ ಮಾಡುವವರಿಗೆ ನಗಲು ಪುರಸೊತ್ತಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನು ನಟ್ಟು ಬಿಗಿದದ್ದಕ್ಕಿಂತ ನಗು ತಡೆದುಕೊಂಡದ್ದೇ ಹೆಚ್ಚು.

ಹೈದರಾಬಾದಿನಲ್ಲಿ ಐಟಿ ಕಟ್ಟಡಗಳು ಸಾಲುಸಾಲಾಗಿ ಏಳುತ್ತಿದ್ದ ಕಾಲ. ಸಿಮೆಂಟು, ಇಟ್ಟಿಗೆ ಮೇಲೆತ್ತುವ ಪುಟ್ಟ ಎಲೆಕ್ಟ್ರಿಕ್ ಹಾಯ್ಸ್ಟ್‌ಗಳು ಆಗ ಗುಂಡಿ ಒತ್ತಿದೊಡನೆ ಜಿಗಿಯುತ್ತಿದ್ದವು. ಜೀಡಿಮೆಟ್ಲಾದ ನಮ್ಮ ಶೆಡ್ಡಿನಲ್ಲಿ ನಾನು ಮತ್ತು ಮಾಲೀಕರು ಅವಕ್ಕೆ ವೇಗ ಹತೋಟಿಯ ಪೆಟ್ಟಿಗೆ ಕೂರಿಸಿ, ಒಂದನ್ನು ಪರೀಕ್ಷೆಗೆಂದು ಮಾಧಾಪುರದ ಕಟ್ಟಡಕ್ಕೆ ಹಾಕಿದೆವು. ಒಪ್ಪಿಗೆಯಾದರೆ ಆರ್ಡರು. ಇಲ್ಲವಾದರೆ ಶೆಡ್ಡಿಗೆ ಬೀಗ, ನನಗೆ ಕಾಚಿಗೂಡದಿಂದ ಊರಿನ ರೈಲು.

ಹೊಸ ನಡಿಗೆ

ಹಾಯ್ಸ್ಟ್ ಮೆಲ್ಲಗೆ ಹೊರಟದ್ದನ್ನು ಕಂಡು ಅಲ್ಲಿನ ಮೇಸ್ತ್ರಿಗೆ ಕರುಳು ಚುರುಕ್ ಎಂದಿತು. ಕಲಬುರಗಿ ಕಡೆಯವನು, ಮನುಷ್ಯ ಬಂಗಾರ.

"ಯಾಕ್ರಿ ಸರ, ಇದಕ್ಕ ಮೈಯಾಗ ಆರಾಮಿಲ್ಲೇನ್ರಿ?"

ಅದು ಸುರಕ್ಷತೆ ಕಣಪ್ಪಾ, ಮೆಲ್ಲಗೆ ಹೊರಟು ಮೆಲ್ಲಗೆ ನಿಲ್ಲಬೇಕು ಎಂದು ತಿಳಿಸಿ ಹೇಳಿದೆ. ತಲೆಯಾಡಿಸಿದ. ಮರುದಿನ ಹೋಗಿ ನೋಡಿದರೆ ಒಬ್ಬ ಗುಂಡಿ ಒತ್ತುತ್ತಿದ್ದ, ಇಬ್ಬರು ಕೆಟ್ಟುನಿಂತ ಆಟೋ ನೂಕುವವರ ಹಾಗೆ ಹಾಯ್ಸ್ಟ್‌ನ ಬಕೆಟ್ಟನ್ನು ಮೇಲಕ್ಕೆ ನೂಕುತ್ತಿದ್ದರು.

ನಿಂಬೆಹಣ್ಣು

ಆಯುಧಪೂಜೆಯ ಮರುದಿನ ಹಾಯ್ಸ್ಟ್ ಸುತರಾಂ ಅಲ್ಲಾಡಲಿಲ್ಲ. ಫ್ಯೂಸ್ ನೋಡಿದೆ, ಮೋಟರ್ ಬಿಚ್ಚಿದೆ, ದೇವರನ್ನೂ ಬೈದೆ. ಮಧ್ಯಾಹ್ನಕ್ಕೆ ಕಣ್ಣಿಗೆ ಬಿತ್ತು. ಅಪಾಯವಾದಾಗ ಯಂತ್ರ ನಿಲ್ಲಿಸಲೆಂದು ಇಟ್ಟ ಕೆಂಪು ಗುಂಡಿಯ ಮೇಲೆಯೇ ಮೇಸ್ತ್ರಿ ನಿಂಬೆಹಣ್ಣು ಇಟ್ಟು ದಾರದಿಂದ ಬಿಗಿದಿದ್ದ. ಗುಂಡಿ ಒತ್ತಿಕೊಂಡೇ ಇತ್ತು. ನಾನು ಕೂಗಾಡಿದೆ.

"ಸಿಟ್ಟಾಗಬ್ಯಾಡ್ರಿ ಸರ," ಎಂದ ಮೇಸ್ತ್ರಿ. "ಇದನ್ನ ಕಟ್ಟಿದ ಮ್ಯಾಲ ಒಂದು ಇಟ್ಟಂಗಿಯರ ಕೆಳಗ ಬಿದ್ದೈತೇನು, ನೀವೇ ಹೇಳ್ರಿ."

ಇರಾನಿ ಚಹಾ

ಕೊನೆಗೆ ಪರೀಕ್ಷೆಯ ದಿನ ಬಂತು. ಕಟ್ಟಡ ಕಂಪನಿಯ ಅಧಿಕಾರಿ ಮೇಲಿನ ಮಹಡಿಯಲ್ಲಿ ನಿಂತರು. ತುಂಬಿದ ಕಪ್ಪುಗಳಲ್ಲಿ ಇರಾನಿ ಚಹಾ ಕಳಿಸುತ್ತೇವೆ, ಒಂದು ಹನಿ ಚೆಲ್ಲಿದರೂ ಆರ್ಡರು ಬೇಡ ಎಂದುಬಿಟ್ಟರು ನಮ್ಮ ಮಾಲೀಕರು. ಚೆಲ್ಲದಿರಲೆಂದು ನಾನು ಪೆಟ್ಟಿಗೆಯೊಳಗಿನ ವೇಗದ ತಿರುಗಣೆಯನ್ನು ಸ್ವಲ್ಪವೇ ಇಳಿಸಿದೆ.

ಟ್ರೇ ಹೊರಟಿತು. ಹೊರಟಿದೆ ಎಂದು ನಾವು ಹೇಳಬೇಕಿತ್ತು, ನೋಡಿದರೆ ಗೊತ್ತಾಗುವಂತಿರಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು, ಕೆನೆಯ ಮೇಲೆ ನೊಣ ಕೂತಿತು. ಕಾದೂ ಕಾದೂ ಅಧಿಕಾರಿ ಮೆಟ್ಟಿಲಿಳಿದು ಬಂದು, ಮೊದಲನೇ ಮಹಡಿಯಲ್ಲೇ ಕೈ ಚಾಚಿ ಕಪ್ಪು ಎತ್ತಿಕೊಂಡರು. ಒಂದು ಗುಟುಕು ಕುಡಿದು ಮುಖ ಸಿಂಡರಿಸಿದರು.

ಪೆಟ್ಟಿಗೆ ತೆಗೆದು ನೋಡಿದೆ. ತಿರುಗಣೆ ತೀರಾ ತಳಕ್ಕೆ ಹೋಗಿತ್ತು. ತಾವೂ ಚೂರು ಇಳಿಸಿದ್ದಾಗಿ ಮಾಲೀಕರು ಮೆಲ್ಲಗೆ ಒಪ್ಪಿಕೊಂಡರು. ಮೇಸ್ತ್ರಿ ಮುಂದೆ ಬಂದ.

"ನಾನೂ ಒಂದೀಟು ತಿರುವೀನ್ರಿ. ಚಾ ಚೆಲ್ಲಿದ್ರ ನಿಮ್ಮ ಮರ್ಯಾದಿ ಹೋಗತಿತ್ತಲ್ರಿ."

ಅಧಿಕಾರಿ ನಕ್ಕು ನಕ್ಕು ಅರ್ಧ ಚಹಾ ತಾವೇ ಚೆಲ್ಲಿದರು. ಆರ್ಡರು ಕೊಡುತ್ತೇನೆ, ಆದರೆ ಆ ತಿರುಗಣೆಗೆ ಬೀಗ ಹಾಕಿ, ಕೀಲಿ ನಿಮ್ಮ ಮೂವರಲ್ಲಿ ಯಾರ ಹತ್ತಿರವೂ ಇರಕೂಡದು ಎಂದರು.

ಅಂತೂ ಬೀಗ ಬಿತ್ತು, ಶೆಡ್ಡಿಗಲ್ಲ. ಮರುದಿನ ನೋಡಿದರೆ ಆ ಬೀಗಕ್ಕೂ ಒಂದು ನಿಂಬೆಹಣ್ಣು ಕಟ್ಟಿತ್ತು.