ಬಿ.ಎ. ಓದಿದ ತೆಂಗಿನ ಮರಗಳು

ನಮ್ಮ ಭಾವನವರನ್ನು ಬಿ.ಎ. ಪಾಸು ಮಾಡಿಸಿದ್ದು ಯಾವ ಪ್ರೊಫೆಸರೂ ಅಲ್ಲ, ಅವರ ಹಿತ್ತಲಿನ ಐದು ತೆಂಗಿನ ಮರಗಳು. ನಾನು ಹೀಗೆಂದಾಗ ಕೇಳಿದವರು ಮೊದಲು ನಗುತ್ತಾರೆ. ಆಮೇಲೆ ಸ್ವಲ್ಪ ಲೆಕ್ಕ ಬಲ್ಲವರು, ‘ಇಂಗ್ಲಿಷ್, ಕನ್ನಡ, ಇತಿಹಾಸ, ಅರ್ಥಶಾಸ್ತ್ರ, ವಿಷಯ ನಾಲ್ಕೇ ಆಯಿತಲ್ಲ, ಐದನೆಯ ಮರ ಏನು ಓದಿತು?’ ಎನ್ನುತ್ತಾರೆ. ಹೇಳುತ್ತೇನೆ. ಆದರೆ ಕ್ರಮವಾಗಿ ಹೇಳುತ್ತೇನೆ. ಹಿಂದುಮುಂದು ಮಾಡಿ ಹೇಳುವುದು ನನಗೆ ಒಗ್ಗದು.

ಭಾವ ಎಂದರೆ ನನ್ನ ಅಕ್ಕನ ಗಂಡ, ಗಂಡಸಿ ಎಂಬ ಊರಿನಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ನಾನು ಅರಸೀಕೆರೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಶನಿವಾರ ಮಧ್ಯಾಹ್ನ ಕಚೇರಿ ಮುಗಿದ ಕೂಡಲೇ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗುವುದು, ಸೋಮವಾರ ಮೊದಲ ಬಸ್ಸಿಗೆ ಹಿಂತಿರುಗುವುದು ನನ್ನ ತಪ್ಪದ ನಿಯಮ. ಹೊಸ ಪೈಸೆ ಚಲಾವಣೆಗೆ ಬಂದಿದ್ದರೂ ಆಣೆಯ ಲೆಕ್ಕ ಜನರ ಬಾಯಿಂದ ಇನ್ನೂ ಹೋಗಿರದ ಕಾಲ ಅದು.

ಆಗ ಭಾವನವರಿಗೆ ನಲವತ್ತು ದಾಟಿತ್ತು. ಹೈಸ್ಕೂಲು ಮುಗಿಸುವ ಹೊತ್ತಿಗೆ ಅವರ ತಂದೆ ತೀರಿಕೊಂಡಿದ್ದರಿಂದ ಕಾಲೇಜಿಗೆ ಹೋಗಬೇಕಾದವರು ಮೇಷ್ಟ್ರ ಕೆಲಸ ಹಿಡಿದು ಇಬ್ಬರು ತಮ್ಮಂದಿರನ್ನು ಓದಿಸಿದರು. ತಮ್ಮಂದಿರು ಬಿ.ಎ. ಮಾಡಿ, ಕರಿ ಗೌನು ತೊಟ್ಟು ಫೋಟೋ ತೆಗೆಸಿಕೊಂಡು, ಒಬ್ಬ ಶಿವಮೊಗ್ಗಕ್ಕೆ, ಒಬ್ಬ ದಾವಣಗೆರೆಗೆ ಕೆಲಸದ ಮೇಲೆ ಹೋದರು. ಆ ಎರಡು ಫೋಟೋಗಳು ನಡುಮನೆಯ ಗೋಡೆಯ ಮೇಲಿದ್ದವು. ಎರಡರ ನಡುವೆ ಒಂದು ಖಾಲಿ ಮೊಳೆ. ಮನೆಗೆ ಹೊಸದಾಗಿ ಬಂದವರು ‘ಇಲ್ಲಿದ್ದ ಫೋಟೋ ಬಿದ್ದುಹೋಯ್ತಾ ಮೇಷ್ಟ್ರೇ?’ ಎಂದು ಕೇಳಿದರೆ, ಭಾವನವರು ಗಂಭೀರವಾಗಿ ‘ಇಲ್ಲ, ಇನ್ನೂ ಬರಬೇಕು’ ಎನ್ನುತ್ತಿದ್ದರು.

ಮೇಷ್ಟ್ರುಗಳು ಕಾಲೇಜಿಗೆ ಹೋಗದೆ ಖಾಸಗಿಯಾಗಿ ಪರೀಕ್ಷೆಗೆ ಕಟ್ಟಬಹುದಾಗಿತ್ತು. ಇಂಟರ್‌ಮೀಡಿಯೆಟ್ಟನ್ನು ಹೇಗೋ ಮುಗಿಸಿಕೊಂಡಿದ್ದ ಭಾವನವರು ಬಿ.ಎ.ಗೆ ಕಟ್ಟುವುದೆಂದು ನಿಶ್ಚಯಿಸಿದರು. ಆದರೆ ಫೀಜಿಗೆ ಹಣ? ಸಂಬಳ ಸಂಸಾರದ್ದು, ಮುಟ್ಟುವಂತಿಲ್ಲ. ಸಾಲ ಮಾಡುವವರಲ್ಲ. ನಾನು ಕಟ್ಟುತ್ತೇನೆ ಎಂದೆ.

‘ಹಾಗಾದರೆ ಡಿಗ್ರಿಯಲ್ಲಿ ನಿನ್ನ ಹೆಸರನ್ನೂ ಬರೆಸಬೇಕಾಗತ್ತಲ್ಲಯ್ಯ. ಅಷ್ಟು ಜಾಗ ಇರಲ್ಲ ಅದರಲ್ಲಿ’ ಎಂದರು.

ಕೊನೆಗೆ ಹಿತ್ತಲಿಗೆ ಹೋಗಿ ಮರಗಳನ್ನು ನೋಡಿಕೊಂಡು ಬಂದರು. ವಿಷಯಕ್ಕೊಂದು ಮರ ಹಂಚಿಕೆಯಾಯಿತು. ಆಯಾ ವಿಷಯದ ಪರೀಕ್ಷೆ ಫೀಜು ಆಯಾ ಮರದ ಕೊಬ್ಬರಿಯಿಂದಲೇ ಬರಬೇಕು. ಒಂದರ ಹಣ ಇನ್ನೊಂದಕ್ಕೆ ಸಲ್ಲದು. ಪಾಸಾದ ವಿಷಯದ ಮರ ಸಂಸಾರಕ್ಕೆ ವಾಪಸ್ಸು. ಇಷ್ಟು ನಿಯಮ. ಐದನೆಯ ಮರವನ್ನು ಮಾತ್ರ ಬಿಟ್ಟರು. ಬಚ್ಚಲ ಹಿಂದಿದ್ದ ಆ ಮರ ಅಕ್ಕನದು. ಮದುವೆಯಾಗಿ ಬರುವಾಗ ನಮ್ಮ ಮನೆಯಿಂದ ತಂದ ಸಸಿ. ವರ್ಷವಿಡೀ ಬಚ್ಚಲ ನೀರು ಕುಡಿದು, ಉಳಿದ ಮರಗಳಿಗೆ ನಾಚಿಕೆಯಾಗುವಂತೆ ಬೆಳೆದಿತ್ತು. ಅದರ ಕಾಯಿ ಮಾರಿದ ದುಡ್ಡು ಅಕ್ಕನ ಬಳೆಗೆ, ಬಾಗಿನಕ್ಕೆ, ಅವಳ ಇಷ್ಟಕ್ಕೆ. ಭಾವನವರು ಅದರ ಎಳನೀರು ಬೇಕಾದರೂ ಅವಳನ್ನು ಕೇಳಿಯೇ ಕೀಳಿಸುತ್ತಿದ್ದರು.

ಹಂಚಿಕೆ ಮರೆಯದಿರಲೆಂದು ಭಾವನವರು ಮರಗಳ ಕಾಂಡದ ಮೇಲೆ ಸುಣ್ಣದಲ್ಲಿ ಅಕ್ಷರ ಬರೆದರು. ಇಂಗ್ಲಿಷಿಗೆ ‘ಇಂ’, ಕನ್ನಡಕ್ಕೆ ‘ಕ’, ಇತಿಹಾಸಕ್ಕೆ ‘ಇ’, ಅರ್ಥಶಾಸ್ತ್ರಕ್ಕೆ ‘ಅ’. ಅಕ್ಕನಿಗೆ ಓದುಬರಹ ಬಾರದು. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ಭಾವನವರು ಹೆಂಡತಿಗೆ ಕಲಿಸಲು ಸ್ಲೇಟು ಹಿಡಿದು ಕೂತಾಗಲೆಲ್ಲ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಹಾಗಾಗಿ ಅವಳು ಮರಗಳನ್ನು ಗುಣದಿಂದಲೇ ಗುರುತಿಸುತ್ತಿದ್ದಳು. ಬಾಗಿದ್ದು ಕನ್ನಡ, ಇಲಿ ಕಾಟದ್ದು ಅರ್ಥಶಾಸ್ತ್ರ, ಬೇಲಿ ಪಕ್ಕದ ಸೊರಗಿದ್ದು ಇಂಗ್ಲಿಷ್.

ಊರವರಿಗೆ ಈ ವಿವರ ತಿಳಿಯದು. ಮೇಷ್ಟ್ರ ಮರಗಳಿಗೆ ಸುಣ್ಣದ ಗುರುತು ಬಿದ್ದಿದೆ ಎಂದರೆ ಸರ್ಕಾರ ಮರ ಎಣಿಸುತ್ತಿದೆ ಎಂದೇ ಅರ್ಥ ಎಂದು ಗುಲ್ಲಾಯಿತು. ಒಂದು ಭಾನುವಾರ ಶಾನುಭೋಗರೇ ಬಂದರು. ಊರಿನ ಕಂದಾಯದ ಲೆಕ್ಕ ಬರೆಯುವ ತಮಗೇ ತಿಳಿಸದೆ ಗಣತಿ ನಡೆದದ್ದು ಹೇಗೆ ಎಂಬ ಕೊರಗು ಅವರ ಮುಖದಲ್ಲಿತ್ತು.

‘ಏನ್ರೀ ಮೇಷ್ಟ್ರೇ, ಈ ಮರ ಯಾವುದರ ಲೆಕ್ಕಕ್ಕೆ ಬಂತು?’

‘ಅದು ಅರ್ಥಶಾಸ್ತ್ರ.’

ಶಾನುಭೋಗರು ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. ‘ಸರಿ. ಅದಕ್ಕೆ ಕಂದಾಯ ಎಷ್ಟು ಕಟ್ಟಿದಾರೆ?’

‘ಫೇಲಾದರೆ ಎರಡರಷ್ಟು’ ಎಂದರು ಭಾವ. ಶಾನುಭೋಗರು ಉಳಿದ ಮರಗಳನ್ನೂ ಎಣಿಸಿಕೊಂಡು ಹೋದರು. ತಾಲ್ಲೂಕು ಕಚೇರಿಯಲ್ಲಿ ಆ ವಾರವೆಲ್ಲ ಈ ಹೊಸ ತೆರಿಗೆಯ ಬಗ್ಗೆ ಜನ ಬಂದು ವಿಚಾರಿಸಿದರು; ಉತ್ತರ ಹೇಳಿ ಹೇಳಿ ನನಗೆ ಸಾಕಾಯಿತು.

ನಮ್ಮ ಕಡೆ ಕೊಬ್ಬರಿ ಎಂದರೆ ಅವಸರದ ಸರಕಲ್ಲ. ಕಾಯಿಗಳನ್ನು ಸಿಪ್ಪೆ ಸಹಿತ ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ಒಂದು ವರ್ಷ ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಬೇಕು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಗಲೇ ಅದು ಕೊಬ್ಬರಿ. ಭಾವನವರು ಅಡುಗೆಮನೆಯ ಮೇಲಿನ ಅಟ್ಟವನ್ನು ಐದು ಪಾಲು ಮಾಡಿ, ದಿನಾ ಬೆಳಗ್ಗೆ ಏಣಿ ಹತ್ತಿ, ರಾಶಿಗೊಂದರಂತೆ ಕಾಯಿ ಎತ್ತಿ ಅಲ್ಲಾಡಿಸಿ ವರದಿ ಕೊಡುತ್ತಿದ್ದರು.

‘ಇತಿಹಾಸ ಆಗ್ತಾ ಬಂತು. ಕನ್ನಡ ಪರವಾಗಿಲ್ಲ. ಇಂಗ್ಲಿಷ್ ಇನ್ನೂ ಹಸಿ.’

ಕೆಳಗೆ ರೊಟ್ಟಿ ತಟ್ಟುತ್ತಿದ್ದ ಅಕ್ಕ, ‘ಓದಿದ್ದು ಹೇಳ್ತಿದೀರೋ, ಕಾಯಿ ಹೇಳ್ತಿದೀರೋ?’ ಎಂದು ಕೇಳುತ್ತಿದ್ದಳು. ಎರಡಕ್ಕೂ ಒಂದೇ ಉತ್ತರವಾಗಿದ್ದರಿಂದ ಭಾವನವರು ಸುಮ್ಮನೆ ಇಳಿದು ಬರುತ್ತಿದ್ದರು. ಒಮ್ಮೆ ನೆಂಟರು ಬಂದ ಗಡಿಬಿಡಿಯಲ್ಲಿ ಅವಳು ಬೇರೆ ರಾಶಿಯ ಕಾಯಿಯನ್ನು ಚಟ್ನಿಗೆ ಒಡೆದಳು. ಭಾವನವರು ತಟ್ಟೆಯ ಮುಂದೆ ಕೂತು, ‘ಇದು ಅರ್ಥಶಾಸ್ತ್ರದ್ದು ಅಲ್ವೇನೇ?’ ಎಂದರು. ‘ಹೌದು, ಖಾರ ಸರಿಯಾಗಿದೆಯಾ?’ ಎಂದಳು ಅಕ್ಕ. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಇನ್ನು ಓದಿನ ವಿಧಾನ. ಇತಿಹಾಸದಲ್ಲಿ ಹೊಯ್ಸಳರ ಭಾಗ ಬಂದಾಗ, ಪುಸ್ತಕ ಸಾಲದೆಂದು ಭಾವನವರು ಅರಸೀಕೆರೆಗೆ ಬಂದು, ನನ್ನನ್ನೂ ಎಳೆದುಕೊಂಡು ಬೇಲೂರಿನ ಬಸ್ಸು ಹತ್ತಿದರು. ದಾರಿಯಲ್ಲಿ ಹಳೇಬೀಡಿನಲ್ಲಿ ಇಳಿದೆವು. ಎಲ್ಲರೂ ದೊಡ್ಡ ಗುಡಿಯ ಕಡೆ ನಡೆದರೆ ಇವರು ಪಕ್ಕದ ಬಸ್ತಿಹಳ್ಳಿಯ ಬಸದಿಗೆ ಹೊರಟರು. ಅಲ್ಲಿ ಕನ್ನಡಿಯಂತೆ ನುಣುಪಾದ ಕಂಬಗಳಿವೆ. ಮುಂದೆ ನಿಂತರೆ ನಮ್ಮ ಮುಖ ಕಾಣುತ್ತದೆ. ಭಾವನವರು ಒಂದು ಕಂಬದೆದುರು ಚಕ್ಕಳಮಕ್ಕಳ ಹಾಕಿ ಕೂತು, ಅದರೊಳಗಿನ ಮುಖಕ್ಕೆ ವಿಷ್ಣುವರ್ಧನನ ಆಳ್ವಿಕೆಯನ್ನು ವಿವರಿಸತೊಡಗಿದರು. ನಡುನಡುವೆ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುತ್ತಿದ್ದರು. ಕಾವಲುಗಾರ ಬಹಳ ಹೊತ್ತು ನೋಡಿ ಹತ್ತಿರ ಬಂದ.

‘ಯಾರ್ ಜೊತೆ ಮಾತಾಡ್ತಾ ಇದೀರಿ ಸ್ವಾಮಿ?’

‘ಏನ್ ಮಾಡ್ಲಪ್ಪ, ನನ್ನ ವಯಸ್ಸಿನ ವಿದ್ಯಾರ್ಥಿ ಇವನೊಬ್ಬನೇ ಸಿಕ್ಕಿದ್ದು’ ಎಂದರು ಭಾವ, ಕಂಬವನ್ನು ತೋರಿಸಿ.

ಪರೀಕ್ಷೆ ಹಾಸನದಲ್ಲಿ. ಮೊದಲ ದಿನ ಭಾವನವರು ಕೊಠಡಿಯೊಳಗೆ ಕಾಲಿಟ್ಟಾಗ ಮೇಲ್ವಿಚಾರಕ ಎದ್ದು ನಿಂತ. ನೋಡಿದರೆ ಅವರದೇ ಹಳೆಯ ಶಿಷ್ಯ. ಭಾವನವರು ಅಭ್ಯಾಸಬಲದಿಂದ ‘ಕೂತ್ಕೋ’ ಎಂದುಬಿಟ್ಟರು. ಆತ ಕೂತ. ಗುರುಗಳು ಹೇಳಿದ ಮೇಲೆ ಏಳುವುದು ಹೇಗೆ? ಆತ ಕುರ್ಚಿಗೆ ಅಂಟಿಕೊಂಡದ್ದನ್ನು ಕಂಡು ಹಿಂದಿನ ಬೆಂಚಿನ ಹುಡುಗರು ಪಿಸುಮಾತು ಶುರು ಮಾಡಿದರು. ಅದು ಜೋರಾದಾಗ ಭಾವನವರೇ ಪೆನ್ನು ಕೆಳಗಿಟ್ಟು, ಹಿಂತಿರುಗಿ, ‘ಏನ್ರೋ ಅದು ಗಲಾಟೆ?’ ಎಂದರಂತೆ. ಕೊಠಡಿ ತೆಪ್ಪಗಾಯಿತು. ಹೆಚ್ಚಿನ ಹಾಳೆ ಬೇಕೆಂದಾಗ ಶಿಷ್ಯ ಎರಡೂ ಕೈಯಲ್ಲಿ ತಂದುಕೊಟ್ಟನಂತೆ.

ಹೀಗೆ ಇತಿಹಾಸ ಪಾಸಾಯಿತು. ಕನ್ನಡ ಪಾಸಾಯಿತು. ಅರ್ಥಶಾಸ್ತ್ರ ಇಲಿಗಳ ಪಾಲು ಕಳೆದು ಪಾಸಾಯಿತು. ಮೂರು ಮರಗಳು ಸಂಸಾರಕ್ಕೆ ಹಿಂತಿರುಗಿದವು. ಉಳಿದದ್ದು ಇಂಗ್ಲಿಷ್. ಅದು ಮಾತ್ರ ಮೇಲಿಂದ ಮೇಲೆ ಫೇಲಾಯಿತು. ಪ್ರತಿ ಸಲವೂ ಮತ್ತೆ ಫೀಜು; ಬೇಲಿ ಪಕ್ಕದ ಆ ಬಡಕಲು ಮರ ವರ್ಷವೆಲ್ಲ ತಿಣುಕಿ ಅಷ್ಟು ಕಾಯಿ ಬಿಡುವುದರೊಳಗೆ ಇನ್ನೊಂದು ಪರೀಕ್ಷೆ ಬಂದಿರುತ್ತಿತ್ತು. ಭಾವನವರು ಅದಕ್ಕೆ ಗೊಬ್ಬರ ಹಾಕಿದರು, ಉಪ್ಪು ಹಾಕಿದರು. ಬುಡದಲ್ಲಿ ಕೂತು ಇಂಗ್ಲಿಷ್ ಪದ್ಯಗಳನ್ನು ಗಟ್ಟಿಯಾಗಿ ಓದಿದರು. ಪದ್ಯ ಯಾರಿಗೆಂದು ನಾನು ಕೇಳಲಿಲ್ಲ.

ಅಷ್ಟರಲ್ಲಿ ಒಂದು ಸುದ್ದಿ ಬಂತು. ಹಳೆಯ ಪಠ್ಯದವರಿಗೆ ಮುಂದಿನ ಪರೀಕ್ಷೆಯೇ ಕಡೆಯದು. ಅದರಲ್ಲಿ ಮುಗಿಸದವರು ಹೊಸ ಪಠ್ಯದಲ್ಲಿ ಎಲ್ಲ ವಿಷಯವನ್ನೂ ಮೊದಲಿನಿಂದ ಬರೆಯಬೇಕು. ಅಂದರೆ ಪಾಸಾದ ಮೂರು ಮರಗಳೂ ಮತ್ತೆ ಒಂದನೇ ತರಗತಿಗೆ!

ಹಣ ಕಟ್ಟಲು ಸೋಮವಾರ ಕೊನೆಯ ದಿನ. ಇಂಗ್ಲಿಷಿನ ಕಾಯಿ ಅಟ್ಟದಲ್ಲಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಆದರೂ ಭಾವನವರು ಆ ಶನಿವಾರ ಎರಡು ಚೀಲ ತುಂಬಿ ಬಸ್ಸಿನ ಮೇಲೆ ಹಾಕಿಸಿ ಅರಸೀಕೆರೆಗೆ ತಂದರು. ಕೊಬ್ಬರಿ ಮಂಡಿಗೆ ನಾನೂ ಹೋದೆ. ವ್ಯಾಪಾರಿ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಸದ್ದಿಲ್ಲ. ಇನ್ನೊಂದು ಒಡೆದು ನೋಡಿದ.

‘ಇನ್ನೂ ಹಸೀ ಐತೆ ಮೇಷ್ಟ್ರೇ. ಬೇಸ್ರ ಮಾಡ್ಕಬೇಡಿ. ಮುಂದಿನ್ ವರ್ಸ ತನ್ನಿ.’

‘ಪರೀಕ್ಷೆಯವರೂ ನನಗೆ ಇದನ್ನೇ ಹೇಳ್ಕೊಂಡು ಬಂದಿದಾರಪ್ಪ’ ಎಂದರು ಭಾವ. ಮಂಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಹಿಂತಿರುಗುವ ಬಸ್ಸಿನಲ್ಲಿ ಅವರು ವ್ಯಾಪಾರಿ ಒಡೆದ ಕಾಯಿಯ ಹೋಳನ್ನು ಗಂಡಸಿಯವರೆಗೂ ತೊಡೆಯ ಮೇಲಿಟ್ಟುಕೊಂಡಿದ್ದರು. ನನ್ನ ಜೇಬಿನಲ್ಲಿ ಸಂಬಳವಿತ್ತು. ಕೊಡಲೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಭಾನುವಾರ ಬೆಳಗ್ಗೆ ನಾನು ಸ್ನಾನ ಮುಗಿಸಿ ಬಂದಾಗ ಭಾವನವರು ನಡುಮನೆಯಲ್ಲಿ ಸ್ಟೂಲಿನ ಮೇಲೆ ನಿಂತಿದ್ದರು. ಕೈಯಲ್ಲಿ ಇಕ್ಕಳ. ಖಾಲಿ ಮೊಳೆಯನ್ನು ಕೀಳುತ್ತಿದ್ದರು. ಅಕ್ಕ ಅಡುಗೆಮನೆಯಿಂದ ಬಂದಳು.

‘ಮೊಳೆ ಯಾಕೆ ಕೀಳ್ತಿದೀರಿ?’

‘ಬಟ್ಟೆ ಸಿಕ್ಕಿಕೊಂಡು ಹರಿಯತ್ತೆ.’

‘ಅಷ್ಟೆತ್ತರದಲ್ಲಿ ಯಾರ ಬಟ್ಟೆ ಓಡಾಡತ್ತೆ?’

ಭಾವನವರು ಇಕ್ಕಳವನ್ನು ಮತ್ತೆ ಮೊಳೆಗೆ ಹಾಕಿದರು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. ‘ಇಳೀರಿ ಕೆಳಗೆ. ಸುಣ್ಣದ ಕುಂಚ ತಗೊಳ್ಳಿ. ನನ್ನ ಮರದ ರಾಶಿ ಒಣಗಿ ಗಡಗಡ ಅಂತಿದೆ. ಊರಲ್ಲೇ ತಗೊಳ್ಳೋರಿದಾರೆ.’

‘ಅದು ನಿನ್ನ ಮರ ಕಣೇ. ಅದರದ್ದು ನನಗೆ ಬೇಡ.’

‘ನಿಮಗೆ ಯಾರು ಕೊಟ್ರು? ಎಲ್ಲಾ ಮರಕ್ಕೂ ಒಂದೊಂದು ಓದು ಕೊಟ್ರಿ. ನನ್ನ ಮರ ಏನು ಪಾಪ ಮಾಡಿತ್ತು? ಬಚ್ಚಲ ಹಿಂದೆ ಬೆಳೆದಿದ್ದಕ್ಕೆ ಅದಕ್ಕೆ ಅಕ್ಷರ ಬೇಡ್ವಾ? ಅದರ ಮೇಲೆ ಇಂಗ್ಲಿಷ್ ಬರೀರಿ.’

‘ಒಂದು ವಿಷಯಕ್ಕೆ ಎರಡು ಮರ ಇಲ್ಲ’ ಎಂದರು ಭಾವ, ಸ್ಟೂಲಿನ ಮೇಲಿಂದಲೇ.

‘ಬೇಲಿ ಪಕ್ಕದ್ದರಿಂದ ಅಳಿಸಿ. ಅದಕ್ಕೆ ಇಂಗ್ಲಿಷ್ ಹತ್ತಲ್ಲ ಅಂತ ಇಷ್ಟು ವರ್ಷ ನೋಡಿದ್ದು ಸಾಲದೇ?’

ಭಾವನವರು ನನ್ನ ಕಡೆ ನೋಡಿದರು. ನಿಯಮದ ವಿಷಯದಲ್ಲಿ ನನ್ನನ್ನು ಕೇಳುವುದು ಅವರ ವಾಡಿಕೆ. ‘ನಿಯಮದ ಪ್ರಕಾರ ಸರಿಯಾಗಿದೆ ಭಾವ’ ಎಂದೆ. ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾಯಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಹಿತ್ತಲಿನಲ್ಲಿ ಅದು ನನ್ನ ಕಾಫಿ ಆರುವುದರೊಳಗೆ ಮುಗಿಯಿತು. ಭಾವನವರು ಬೇಲಿ ಪಕ್ಕದ ಅಕ್ಷರವನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆದು, ಬಚ್ಚಲ ಹಿಂದೆ ಬಂದು, ಬಹಳ ನಿಧಾನವಾಗಿ ಬರೆದರು. ಅಕ್ಕ ಸುಣ್ಣದ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಆ ಹೊತ್ತು ಒಲೆಯ ಮೇಲೆ ಹಾಲು ಉಕ್ಕಿತು, ಅವಳು ಓಡಲಿಲ್ಲ.

ಸೋಮವಾರ ಹಣ ಕಟ್ಟಿದ್ದಾಯಿತು. ಫಲಿತಾಂಶ ಬಂದ ಪತ್ರಿಕೆಯನ್ನು ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಕೊಂಡು, ನಂಬರನ್ನು ಮತ್ತೆ ಮತ್ತೆ ನೋಡಿ, ನನ್ನ ನಿಯಮ ಮುರಿದು ವಾರದ ನಡುವೆ ಗಂಡಸಿಗೆ ಹೋದೆ. ಭಾವನವರು ಪತ್ರಿಕೆ ಮಡಿಸಿ ಅಡುಗೆಮನೆಗೆ ನಡೆದರು.

‘ನಿನ್ನ ಮರ ಪಾಸಾಯ್ತು ಕಣೇ.’

‘ನೀವು?’

‘ನಾನೂ ಅದರ ಜೊತೆಯಲ್ಲೇ.’

ಮೊಳೆಗೆ ಫೋಟೋ ಬಂತು. ಗೌನು ಸ್ಟುಡಿಯೋದವರದು, ಭಾವನವರ ಮೊಣಕಾಲಿಗೂ ಬರುವುದಿಲ್ಲ. ಉಳಿದ ಮರಗಳ ಅಕ್ಷರಗಳು ಮಳೆಗೆ ಸಿಕ್ಕಿ ಒಂದೊಂದಾಗಿ ಮಾಸಿಹೋದವು. ಬಚ್ಚಲ ಹಿಂದಿನ ಮರದ ಮೇಲೆ ಮಾತ್ರ ಭಾವನವರು ಪ್ರತಿ ವರ್ಷ ಗೌರಿಹಬ್ಬಕ್ಕೆ ಮನೆಗೆ ಸುಣ್ಣ ಹೊಡೆಸುವಾಗ ಆ ಅಕ್ಷರವನ್ನು ಹೊಸದಾಗಿ ತಿದ್ದುತ್ತಿದ್ದರು. ಹೈಸ್ಕೂಲಿನ ಮೇಷ್ಟ್ರಾಗಿ ನಿವೃತ್ತರಾದ ಮೇಲೂ ತಪ್ಪಿಸಲಿಲ್ಲ.

ಅವರು ತೀರಿಕೊಂಡ ಮರುವರ್ಷ ಹಬ್ಬಕ್ಕೆ ಮುಂಚೆ ಅಕ್ಕನ ಮನೆಗೆ ಹೋಗಿದ್ದೆ. ಕಾಲು ತೊಳೆಯಲು ಬಚ್ಚಲ ಕಡೆ ಹೋದವನು ನಿಂತುಬಿಟ್ಟೆ. ಮರದ ಮೇಲೆ ‘ಇಂ’ ಹೊಚ್ಚಹೊಸದಾಗಿ ಬೆಳ್ಳಗಿತ್ತು. ಪಕ್ಕದ ಸೊನ್ನೆ ಸ್ವಲ್ಪ ಕೆಳಗೆ ಜಾರಿತ್ತು. ಸುಣ್ಣ ಅಲ್ಲಲ್ಲಿ ಸೋರಿತ್ತು.

‘ಯಾರಕ್ಕ ಬರೆದದ್ದು?’

ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. ಬೆರಳಿಗೆ ಸುಣ್ಣ ಹತ್ತಿತ್ತು.

‘ನಾನೇ ಕಣೋ. ದಪ್ಪ ಆಗೋಯ್ತು, ಅಲ್ವಾ? ಅವರು ಸಣ್ಣಗೆ ಬರೀತಿದ್ರು.’